ಎಲುಬಿನ ಗೂಡಿಗೆ ಜೀವ ಕೊಟ್ಟವರು ಇಬ್ಬರು

ಈಗಿನ ಫ್ಯಾಂಟಸಿ ಸಿನಿಮಾಗಳ ಬಿಜಿಎಂ ಕೇಳಿ ಕೇಳಿ ಸಾಕಾಗಿದೆ. ಕೆಳಗೆ ಡ್ರಮ್ಮುಗಳ ಗುಡುಗು, ಮೇಲೆ ದೊಡ್ಡ ಕೋರಸ್. ಡ್ರ್ಯಾಗನ್ ಬಂದರೂ ಅದೇ, ರಾಜ ಸತ್ತರೂ ಅದೇ. ಕಿವಿಗೆ ಬಡಿಯುತ್ತೆ, ಮನಸ್ಸಿಗೆ ಇಳಿಯಲ್ಲ. ಹಾಗೆ ತಲೆ ಚಿಟ್ಟು ಹಿಡಿದಾಗಲೆಲ್ಲ ನಾನು ಹಳೇ ಹಾಲಿವುಡ್ ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಮೊರೆ ಹೋಗ್ತೀನಿ. ಅದರಲ್ಲೂ 1958ರ ‘ದಿ ಸೆವೆಂತ್ ವಾಯೇಜ್ ಆಫ್ ಸಿನ್‌ಬ್ಯಾಡ್’ಗೆ. (ಹೆಸರಲ್ಲಿ ಏಳನೇ ಯಾನ ಅಂತ ಇದ್ದರೂ, ಅರೇಬಿಯನ್ ನೈಟ್ಸ್‌ನ ಏಳನೇ ಯಾನಕ್ಕೂ ಈ ಕಥೆಗೂ ಸಂಬಂಧ ಅಷ್ಟಕ್ಕಷ್ಟೇ.)

ಈ ಚಿತ್ರದ ರಾಕ್ಷಸರನ್ನೆಲ್ಲ ರೇ ಹ್ಯಾರಿಹೌಸನ್ ಸ್ಟಾಪ್ ಮೋಷನ್‌ನಲ್ಲಿ ಆಡಿಸಿದ್ದು. ಪುಟ್ಟ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸು, ಒಂದು ಫ್ರೇಮ್ ತೆಗಿ, ಮತ್ತೆ ಸರಿಸು. ತೆರೆ ಮೇಲಿನ ಒಂದು ಸೆಕೆಂಡಿಗೆ 24 ಫ್ರೇಮು. ಆ ತಾಳ್ಮೆಗೆ ಕೈ ಮುಗಿಯಬೇಕು. ಆದರೆ ಗೊಂಬೆಗೆ ತೂಕ ಇರಲ್ಲವಲ್ಲ? ಒಕ್ಕಣ್ಣಿನ ದೈತ್ಯ ಸೈಕ್ಲಾಪ್ಸ್ ಕಾಲಿಟ್ಟರೆ ನೆಲ ನಡುಗಬೇಕು. ಆ ತೂಕವನ್ನು ತಂದುಕೊಟ್ಟಿದ್ದು ಹರ್ಮನ್. ಅನುಮಾನ ಇದ್ದರೆ ಸೌಂಡ್ ಆಫ್ ಮಾಡಿ ನೋಡಿ, ಆ ದೈತ್ಯ ಅಲ್ಲೇ ಆಟಿಕೆಯಾಗಿಬಿಡ್ತಾನೆ.

ಗುಹೆಯೊಳಗೆ ಮಾಂತ್ರಿಕನೊಬ್ಬ ಅಸ್ಥಿಪಂಜರವನ್ನು ಎಬ್ಬಿಸಿ ಸಿನ್‌ಬ್ಯಾಡ್ ಮೇಲೆ ಛೂ ಬಿಡುವ ದೃಶ್ಯವನ್ನೇ ತಗೊಳ್ಳಿ. ಬೇರೆಯವರಾಗಿದ್ದರೆ ಇಡೀ ವಯೊಲಿನ್ ಸೈನ್ಯವನ್ನು ನುಗ್ಗಿಸುತ್ತಿದ್ದರು. ಹರ್ಮನ್ ಕೈಗೆತ್ತಿಕೊಂಡಿದ್ದು ಮರದ ಪಟ್ಟಿಗಳನ್ನು ಕೋಲಿನಿಂದ ಬಡಿಯುವ ಝೈಲೋಫೋನ್, ಕೈಯಲ್ಲಿ ಹಿಡಿದು ಕಟಕಟಿಸುವ ಕ್ಯಾಸ್ಟನೆಟ್ಸ್. ಬರೀ ಮರದ ಸದ್ದು, ಎಲುಬಿಗೆ ಎಲುಬು ತಾಗಿದ ಹಾಗೆ ಕಟಕಟ. ನಡುನಡುವೆ ಬ್ರಾಸ್ ವಾದ್ಯಗಳು (ತುತ್ತೂರಿಯಂಥ ಲೋಹದ ಊದುವಾದ್ಯಗಳು) ಕತ್ತಿ ಬೀಸಿದಂತೆ ಎರಗುತ್ತವೆ. ಎಲುಬಿಗೆ ಝೈಲೋಫೋನ್ ಅನ್ನೋದು ಹೊಸ ಐಡಿಯಾ ಏನಲ್ಲ, 1874ರಲ್ಲೇ ಫ್ರೆಂಚ್ ಸಂಗೀತಗಾರ ಸೇಂಟ್-ಸಾನ್ಸ್ ‘ದಾನ್ಸ್ ಮಕಾಬ್ರ್’ನಲ್ಲಿ ಮಾಡಿದ್ದರು. ಹರ್ಮನ್ ಹೆಚ್ಚುಗಾರಿಕೆ ಇರೋದು ಲಯದಲ್ಲಿ. ಅದು ಕುಣಿತದ ಲಯ! ಜೀವ ಹೋಗೋ ಜಗಳಕ್ಕೆ ಕುಣಿತ. ಹಾಗಾಗಿಯೇ ಭಯ ಮತ್ತು ನಗು ಎರಡೂ ಒಟ್ಟಿಗೆ ಬರುತ್ತೆ, ಆ ಅಸ್ಥಿಪಂಜರಕ್ಕೆ ಒಂದು ತುಂಟ ಸ್ವಭಾವ ಅಂಟಿಕೊಳ್ಳುತ್ತೆ.

ಹಾಲಿವುಡ್‌ನಲ್ಲಿ ಸಂಗೀತಗಾರ ಧಾಟಿ ಬರೆದುಕೊಟ್ಟರೆ, ಯಾವ ವಾದ್ಯಕ್ಕೆ ಯಾವ ಸ್ವರ ಅಂತ ಹಂಚೋಕೆ ಬೇರೆ ಆರ್ಕೆಸ್ಟ್ರೇಟರ್ ಇರೋದು ರೂಢಿ. ಹರ್ಮನ್ ಆ ಕೆಲಸ ಇನ್ನೊಬ್ಬರಿಗೆ ಬಿಡ್ತಿರಲಿಲ್ಲ. ಅವರಿಗೆ ವಾದ್ಯದ ಆಯ್ಕೆಯೇ ಅರ್ಧ ಸಂಗೀತ. 1960ರ ‘ಸೈಕೋ’ಗೆ ಬರೀ ತಂತಿವಾದ್ಯ. 1963ರ ‘ಜೇಸನ್ ಅಂಡ್ ದಿ ಆರ್ಗೋನಾಟ್ಸ್’ಗೆ ತದ್ವಿರುದ್ಧ: ವಯೊಲಿನ್ ಬಳಗಕ್ಕೇ ರಜೆ. ಬ್ರಾಸ್, ಊದುವ ಮರದ ವಾದ್ಯಗಳು, ಹಾರ್ಪ್, ಡ್ರಮ್ಮು, ಅಷ್ಟೇ. ಅದರಲ್ಲಿ ಟ್ಯಾಲೋಸ್ ಅನ್ನೋ ಕಂಚಿನ ದೈತ್ಯ ಪೀಠದ ಮೇಲೆ ಕತ್ತು ತಿರುಗಿಸುವ ಗಳಿಗೆ ಇದೆಯಲ್ಲ, ಲೋಹದ ಮೈಗೆ ಲೋಹದ್ದೇ ದನಿ! 1959ರ ‘ಜರ್ನಿ ಟು ದಿ ಸೆಂಟರ್ ಆಫ್ ದಿ ಅರ್ಥ್’ನಲ್ಲಂತೂ ಪಾತಾಳದ ಆಳಕ್ಕೆ ಐದು ಆರ್ಗನ್, ದೈತ್ಯ ಹಲ್ಲಿಗೆ ಸರ್ಪೆಂಟ್ ಅನ್ನೋ ಓಬೀರಾಯನ ಕಾಲದ ಅಂಕುಡೊಂಕು ಊದುವಾದ್ಯ. ಪಾತಾಳಕ್ಕೊಂದು, ಕಂಚಿಗೊಂದು, ಎಲುಬಿಗೊಂದು ಬೇರೆ ಬೇರೆ ಆರ್ಕೆಸ್ಟ್ರಾ ಕಟ್ಟಿದ ಮನುಷ್ಯ. ಈಗ ಎಲ್ಲದಕ್ಕೂ ವಾಲ್ಯೂಮ್ ಒಂದೇ ಮದ್ದು.

‘ಹಳೇ ಕಾಲದ್ದು, ಅತಿಯಾಯ್ತು’ ಅನ್ನುವವರೂ ಇದ್ದಾರೆ. ಅತಿ ಹೌದು ಕಣ್ರೀ. ಒಕ್ಕಣ್ಣಿನ ರಾಕ್ಷಸ ಬರುವಾಗ ಸಂಕೋಚದಿಂದ ನುಡಿಸೋಕಾಗುತ್ತಾ? ನನಗಿರೋ ತಕರಾರು ಬೇರೆ. ಪ್ರೇಮದ ದೃಶ್ಯಗಳಲ್ಲಿ ಇದೇ ಹರ್ಮನ್ ಸ್ವಲ್ಪ ಸಪ್ಪೆ. ಸಿನ್‌ಬ್ಯಾಡ್ ಬಂದ ವರ್ಷವೇ ‘ವರ್ಟಿಗೋ’ ಚಿತ್ರದ ಪ್ರೇಮಕ್ಕೆ ಅಂಥ ಸಂಗೀತ ಬರೆದವರು ಇಲ್ಲಿ ರಾಜಕುಮಾರಿಯ ಕಡೆ ಅಷ್ಟಾಗಿ ಗಮನವನ್ನೇ ಕೊಟ್ಟಿಲ್ಲ ಅನಿಸುತ್ತೆ.

ಕೇಳಬೇಕು ಅನ್ನುವವರಿಗೆ 1998ರಲ್ಲಿ ಜಾನ್ ಡೆಬ್ನಿ ನಿರ್ದೇಶನದಲ್ಲಿ ರಾಯಲ್ ಸ್ಕಾಟಿಷ್ ನ್ಯಾಷನಲ್ ಆರ್ಕೆಸ್ಟ್ರಾ ಹೊಸದಾಗಿ ನುಡಿಸಿದ ಮುದ್ರಣ ಇದೆ. ಸದ್ದು ಸ್ವಚ್ಛವಾಗಿದೆ. ಆದರೆ ಒಂದೇ ಏಟಿಗೆ ಪೂರ್ತಿ ಕೇಳೋಕೆ ಹೋಗಬೇಡಿ, ಒಂದೊಂದು ದೃಶ್ಯಕ್ಕೆ ಬರೆದ ತುಂಡುತುಂಡು ಕ್ಯೂಗಳು, ಸುಸ್ತಾಗುತ್ತೆ. ಮೊದಲು ಓವರ್ಚರ್ (ಆರಂಭದ ಸಂಗೀತ), ಆಮೇಲೆ ನೇರ ಅಸ್ಥಿಪಂಜರದ ಕಾಳಗಕ್ಕೆ ಹಾರಿ.