ಕೇದಾರಕಾಂಠಕ್ಕೆ ಹೊರಟ ನಮ್ಮೂರ ಹುಡುಗನಿಗೆ

ಪಕ್ಕದ ಮನೆಯ ಹುಡುಗ ಡಿಸೆಂಬರ್‌ನಲ್ಲಿ ಉತ್ತರಾಖಂಡದ ಕೇದಾರಕಾಂಠಕ್ಕೆ ಹೊರಟಿದ್ದಾನೆ. ಅವನ ಮೊದಲ ಹಿಮಾಲಯ ಚಾರಣ. ಮೊನ್ನೆ ಸಂಜೆ ಬಂದು ಜಗಲಿಯಲ್ಲಿ ಕೂತ. "ಅಕ್ಕೋರೆ, ದೇವಿಮನೆ ಘಟ್ಟ ಸೈಕಲ್‌ನಲ್ಲೇ ಹತ್ತಿದ್ದೇನೆ. ಯಾಣಕ್ಕೆ ನಡ್ಕೊಂಡು ಹೋಗಿದ್ದೇನೆ. ಇನ್ನೇನು ತಯಾರಿ ಬೇಕು?" ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಾರವಾರ, ಕುಮಟಾ, ಶಿರಸಿ ಕಡೆಯಿಂದ ಹೀಗೆ ಹೊರಡುವ ಮಕ್ಕಳು ಈಗ ಜಾಸ್ತಿ, ಅಲ್ವಾ?

ಘಟ್ಟ ಹತ್ತಿದ ಕಾಲು ಅಲ್ಲಿ ಖಂಡಿತ ಉಪಯೋಗಕ್ಕೆ ಬರುತ್ತದೆ. ಆದರೆ ಎತ್ತರ ಕಾಲನ್ನು ಕೇಳುವುದಿಲ್ಲ. ಗಾಳಿಯಲ್ಲಿ ಆಮ್ಲಜನಕದ ಪಾಲು ಇಲ್ಲೂ ಶೇಕಡಾ 21, ಅಲ್ಲೂ 21. ಕಡಿಮೆಯಾಗುವುದು ಗಾಳಿಯ ಒತ್ತಡ. ಕೇದಾರಕಾಂಠದ ತುದಿ ಸುಮಾರು 12,500 ಅಡಿ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ, ನಮ್ಮ ಕಡಲ ದಂಡೆಯಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲಿಗಿಂತಲೂ ತುಸು ಕಡಿಮೆ. ಅದಕ್ಕೆ ಮೈ ಒಗ್ಗಲು ದಿನಗಳು ಬೇಕು. ಕಾರವಾರದಲ್ಲಿ ಎಷ್ಟು ಓಡಿದರೂ ಅದು ಕೈಗೆ ಬರುವುದಿಲ್ಲ. ಶಿರಸಿಯವರಿಗೂ ಇದೇ ಮಾತು, ಅಲ್ಲಿನ 2,000 ಅಡಿ ಇದಕ್ಕೆ ಲೆಕ್ಕವಿಲ್ಲ. ಎತ್ತರಕ್ಕೆ ಮೈ ಒಗ್ಗದೆ ಬರುವ ತಲೆನೋವು, ವಾಂತಿಯಂಥ ತೊಂದರೆ ಸಾಮಾನ್ಯವಾಗಿ ಶುರುವಾಗುವುದೇ 8,000 ಅಡಿಯ ಮೇಲೆ.

ನಾನು ಕೇದಾರಕಾಂಠಕ್ಕೆ ಹೋದಾಗ ನಮ್ಮ ಗುಂಪಿನಲ್ಲಿ ಶಿರಸಿ ಕಡೆಯ ಗೆಳತಿಯೊಬ್ಬಳಿದ್ದಳು. ಕಾಲೇಜಿನಲ್ಲಿ ಕಬಡ್ಡಿ ಆಡಿದವಳು. ಮೊದಲ ದಿನ ಜೂಡಾ ಕಾ ತಾಲಾಬ್ ಎಂಬ ಕೆರೆಯ ಪಕ್ಕದ ಕ್ಯಾಂಪ್ ತಲುಪಿದವರಲ್ಲಿ ಅವಳೇ ಮುಂದು. ಎರಡನೇ ದಿನ 11,000 ಅಡಿ ದಾಟಿದ ಕ್ಯಾಂಪಿನಲ್ಲಿ ತಟ್ಟೆ ಪಕ್ಕಕ್ಕೆ ಸರಿಸಿ "ಹಸಿವಿಲ್ಲ" ಅಂದಳು. ಆಮೇಲೆ ಶೂ ಲೇಸು ಕಟ್ಟಲು ಕೂತಳು. ಕುಣಿಕೆ ಹಾಕುತ್ತಾಳೆ, ಬಿಚ್ಚಿಹೋಗುತ್ತದೆ. ಮತ್ತೆ ಹಾಕುತ್ತಾಳೆ. ಮೂರನೇ ಸಲ ಕೈಬಿಟ್ಟು ಸುಮ್ನೆ ಕೂತುಬಿಟ್ಟಳು. ಕೇಳಿದರೆ, ಮಧ್ಯಾಹ್ನದಿಂದ ತಲೆನೋವಂತೆ, ದಾರಿಯಲ್ಲಿ ಒಮ್ಮೆ ವಾಂತಿಯೂ ಆಗಿತ್ತಂತೆ. ಹೇಳಿದರೆ ವಾಪಸ್ ಕಳಿಸಿಬಿಡುತ್ತಾರೆ ಅಂತ ಯಾರಿಗೂ ಹೇಳಿರಲಿಲ್ಲ.

ಗೈಡ್ ಅವಳನ್ನು ಒಂದು ಹೆಜ್ಜೆಯ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನೇರ ಗೆರೆಯ ಮೇಲೆ ನಡೆಸಿ ನೋಡಿದ. ತೂರಾಡಿದರೆ ಮಿದುಳಿಗೆ ಬಾವು ಬಂದಿರಬಹುದು ಎಂದರ್ಥ. ಕೂತಲ್ಲೇ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಎರಡೂ ಜೀವ ತೆಗೆಯುವಂಥವು. ಅವಳು ನೇರವಾಗಿಯೇ ನಡೆದಳು. ಆದರೂ ಕತ್ತಲಾಗುವ ಮೊದಲೇ ಕೆಳಗಿನ ಕ್ಯಾಂಪಿಗೆ ಇಳಿಸಿದರು. ಮರುದಿನ ಬೆಳಿಗ್ಗೆ ಅಲ್ಲಿ ಹೊಟ್ಟೆ ತುಂಬ ತಿಂದಳಂತೆ. ಕೆಳಗಿಳಿಯುವುದೇ ಇದಕ್ಕೆ ದೊಡ್ಡ ಮದ್ದು.

ಅದಕ್ಕೇ ಹೇಳುತ್ತೇನೆ, ಚಾರಣ ಆರಿಸುವಾಗ ರೇಟು, ಫೋಟೋ ಆಮೇಲೆ ನೋಡಿ. ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಅನ್ನುವುದನ್ನು ಮೊದಲು ಬರೆದುಕೊಳ್ಳಿ. ಸುಮಾರು 10,000 ಅಡಿ ದಾಟಿದ ಮೇಲೆ, ಮಲಗುವ ಜಾಗ ದಿನಕ್ಕೆ 1,600 ಅಡಿಗಿಂತ ಜಾಸ್ತಿ ಏರಬಾರದು ಎನ್ನುವುದು ವೈದ್ಯರ ಲೆಕ್ಕ. ಕೇದಾರಕಾಂಠದಲ್ಲಿ ಮೊದಲ ರಾತ್ರಿ ಚಾರಣ ಶುರುವಾಗುವ ಹಳ್ಳಿ ಸಾಂಕ್ರಿ 6,400 ಅಡಿ, ಮರುರಾತ್ರಿ 9,100, ಅದರ ಮರುರಾತ್ರಿ 11,200. ನಿನ್ನೆಯವರೆಗೆ ಸಮುದ್ರದ ಪಕ್ಕ ಮಲಗಿದವರಿಗೆ ಇದು ಅವಸರದ ಏರಿಕೆ. ಸಾಂಕ್ರಿಯಲ್ಲಿ ಒಂದು ರಾತ್ರಿ ಜಾಸ್ತಿ ಉಳಿಯಿರಿ. ಹಗಲಲ್ಲಿ ಸ್ವಲ್ಪ ಮೇಲೆ ಹತ್ತಿ, ಇಳಿದು ಬಂದು ಮಲಗಿ. ಎತ್ತರದ ತೊಂದರೆ ಬಾರದಿರಲೆಂದು ತೆಗೆದುಕೊಳ್ಳುವ ಡೈಮಾಕ್ಸ್ ಮಾತ್ರೆಯನ್ನು ಯಾರೋ ಹೇಳಿದರು ಅಂತ ನುಂಗಬೇಡಿ. ಸಲ್ಫಾ ಔಷಧಿ ಆಗದವರಿಗೆ ಅದರಿಂದ ತೊಂದರೆ ಆಗಬಹುದು. ಬಿಪಿ, ಅಸ್ತಮಾ, ಹೃದಯದ ತೊಂದರೆ ಇದ್ದವರಂತೂ ಬುಕಿಂಗ್‌ಗೆ ಮೊದಲೇ ಡಾಕ್ಟರ್ ಹತ್ತಿರ ಹೋಗಿ.

ಇನ್ನು ಕಾಲಿನ ತಯಾರಿ. ಎರಡು ಮೂರು ತಿಂಗಳು ಸಾಕು. ಕಾರವಾರದ ಸದಾಶಿವಗಡದ ಗುಡ್ಡ ಇದೆಯಲ್ಲ, ಬೆನ್ನಿಗೆ ಐದು ಕಿಲೋ ಕುಚ್ಚಲಕ್ಕಿ, ಎರಡು ಬಾಟಲಿ ನೀರು ಹಾಕಿಕೊಂಡು ಹತ್ತಿ. ಪಕ್ಕದವರ ಜೊತೆ ಮಾತಾಡಲು ಆಗುವಷ್ಟು ನಿಧಾನ ಹತ್ತಬೇಕು. ಇಳಿಯುವುದನ್ನೂ ಅಷ್ಟೇ ಶ್ರದ್ಧೆಯಿಂದ ಮಾಡಿ, ಮೊಣಕಾಲು ನೋಯುವುದು ಇಳಿಯುವಾಗಲೇ. ಶೂ ಎರಡು ತಿಂಗಳ ಮೊದಲೇ ತೆಗೆದುಕೊಳ್ಳಿ, ದಪ್ಪ ಕಾಲುಚೀಲ ಹಾಕಿಯೇ ಅಳತೆ ನೋಡಿ. ಹೊರಡುವ ಮುಂಚೆ ಉಗುರು ಕತ್ತರಿಸಿ. ಇಳಿಜಾರಿನಲ್ಲಿ ಹೆಬ್ಬೆರಳು ಹೋಗಿ ಹೋಗಿ ಶೂ ತುದಿಗೆ ಬಡಿಯುತ್ತದೆ. ನನ್ನ ಬಲಗಾಲಿನ ಉಗುರು ಕಪ್ಪಾಗಿ, ಬಿದ್ದು, ಹೊಸದು ಬರಲು ತಿಂಗಳುಗಟ್ಟಲೆ ಆಯಿತು.

ಚಳಿ ನಮಗೆ ಗೊತ್ತೇ ಇಲ್ಲ. ಇಲ್ಲಿಯ ಸೆಕೆಗೆ ಹತ್ತಿ ಬನಿಯನ್ ಹಿತ. ಅಲ್ಲಿ ಅದು ಬೆವರು ಹೀರಿ ಒದ್ದೆಯಾಗಿ ಬೆನ್ನಿಗೆ ಅಂಟಿ ಕೂತರೆ ಮೈಯ ಬಿಸಿಯೆಲ್ಲ ಹೋಗುತ್ತದೆ. ಬೇಗ ಒಣಗುವ ಒಳ ಅಂಗಿ, ಮೇಲೊಂದು ಉಣ್ಣೆಯದು, ಅದರ ಮೇಲೆ ಗಾಳಿ ತಡೆಯುವ ಜಾಕೆಟ್ ಇರಲಿ. ಬಾಯಾರದಿದ್ದರೂ ನೀರು ಕುಡಿಯುತ್ತಿರಿ.

ಕೊನೆಗೆ ಅವನಿಗೆ ಹೇಳಿದೆ, "ತಮಾ, ತಲೆನೋವು ಬಂದರೆ ಗೈಡ್ ಕೇಳುವ ಮೊದಲೇ ಬಾಯಿ ಬಿಟ್ಟು ಹೇಳು. ತುದಿ ಮುಟ್ಟದೆ ಬಂದರೆ ನಾನೇ ಸ್ಟೇಷನ್ನಿಗೆ ಬರ್ತೇನೆ ಕರ್ಕೊಂಡು ಬರಲು." ಅವನು ಏನೂ ಹೇಳದೆ ಎದ್ದು ಹೋದ. ನಿನ್ನೆ ಮತ್ತೆ ಬಂದಿದ್ದ, ಸಾಂಕ್ರಿಯಲ್ಲಿ ಇನ್ನೊಂದು ರಾತ್ರಿ ಉಳಿಯಲೆಂದು ಒಂದು ದಿನ ಮೊದಲಿಗೆ ಬದಲಿಸಿದ ಟಿಕೆಟ್ ತೋರಿಸಲು. ನಾಳೆ ಬೆಳಿಗ್ಗೆ ಐದೂವರೆಗೆ ಇಬ್ಬರೂ ಸದಾಶಿವಗಡಕ್ಕೆ ಹೊರಟಿದ್ದೇವೆ.