ಹಗ್ಗ ಎಲ್ಲಿ ಕಟ್ಟಣ್ರೀ?

ಚಿತ್ರದುರ್ಗದ ಸುತ್ತ ಗುಡ್ಡಗಳ ಮೇಲೆ ಗಾಳಿ ಫ್ಯಾನುಗಳು ತಿರುಗುತ್ತಿರುತ್ತವಲ್ಲ, ಅಲ್ಲಿಗೆ ಹತ್ತುವ ದಾರಿಯ ಬುಡದಲ್ಲಿ ಭಾನುವಾರ ಬೆಳಗ್ಗೆ ನಿಂತರೆ ಮೆರವಣಿಗೆ ನೋಡಬಹುದು. ಎರಡಿಂಚು ಎತ್ತರಿಸಿದ ಜೀಪು, ನೀರಿಗಿಳಿದಾಗಲೂ ಎಂಜಿನ್ ಉಸಿರಾಡಲೆಂದು ಕಿವಿಯ ಪಕ್ಕ ಎದ್ದ ಸ್ನಾರ್ಕೆಲ್ ಕೊಳವೆ, ನೆತ್ತಿಯ ಮೇಲೆ ಊರಹಬ್ಬದಷ್ಟು ಲೈಟು. ದಾರಿಯೋ, ಬಸ್ಸಿಗಿಂತ ಉದ್ದದ ರೆಕ್ಕೆ ಹೊತ್ತ ಟ್ರೇಲರ್ ಸಲೀಸಾಗಿ ತಿರುಗಲಿ ಅಂತಲೇ ಮಾಡಿದ್ದು. ಜೀಪು ಲೋ ಗೇರಿನಲ್ಲಿ ಗುರುಗುಟ್ಟಿ ಹತ್ತುತ್ತಿರುವಾಗ ಎದುರಿಗೆ ಹಾಲಿನ ಕ್ಯಾನು ಕಟ್ಟಿಕೊಂಡ ಟಿವಿಎಸ್ ಇಳಿದು ಬರುತ್ತದೆ. ಸವಾರ ಒಂದು ಕೈಯಲ್ಲಿ ಫೋನು ಹಿಡಿದಿರುತ್ತಾನೆ.

ಇಂಥ ಜಲ್ಲಿ ದಾರಿಗೆ ಬೇಕಾದ ಮೊದಲ ಮಾಡಿಫಿಕೇಶನ್ ಪುಕ್ಕಟೆ. ಟೈರಿನ ಗಾಳಿ ಇಳಿಸುವುದು. ಟಾರು ರಸ್ತೆಗೆ 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದದ್ದನ್ನು 24ಕ್ಕೆ ತಂದರೆ ಕಲ್ಲಿನ ಮೇಲೆ ಟೈರು ಕುಣಿಯುವುದು ನಿಲ್ಲುತ್ತದೆ. ವೇದಾವತಿಯ ಮರಳಲ್ಲಾದರೆ 18. ಟೈರು ಅಗಲ ಆಗುವುದಕ್ಕಿಂತ ಹೆಚ್ಚಾಗಿ ಉದ್ದಕ್ಕೆ ಚಪ್ಪಟೆಯಾಗಿ ನೆಲ ಹಿಡಿಯುತ್ತದೆ, ಗುಟ್ಟು ಅದೇ. ಆದರೆ 15ಕ್ಕಿಂತ ಕೆಳಗೆ ಹೋಗಿ ಸ್ಟಿಯರಿಂಗ್ ಜೋರಾಗಿ ತಿರುಗಿಸಿದರೆ ಟೈರು ರಿಮ್ ಬಿಟ್ಟು ಹೊರಗೆ ಬರುತ್ತದೆ. ಗಾಳಿ ಇಳಿಸಿದ ಗಾಡಿಯನ್ನು ಹಾಗೇ ಹೈವೇಗೆ ಹತ್ತಿಸಿ ದಾವಣಗೆರೆಗೆ ಬೆಣ್ಣೆದೋಸೆ ತಿನ್ನಲು ಓಡಿಸುವ ಶೂರರಿದ್ದಾರೆ. ದೋಸೆಗಿಂತ ಮೊದಲು ಟೈರು ಕಾವಲಿಯಾಗುತ್ತದೆ. ಮತ್ತೆ ಗಾಳಿ ತುಂಬಲು ಬ್ಯಾಟರಿಗೆ ನೇರ ಕಚ್ಚಿಸುವ 12 ವೋಲ್ಟಿನ ಕಂಪ್ರೆಸರ್ ಮತ್ತು ಒಂದು ಗೇಜು ಸೀಟಿನಡಿ ಇರಲಿ.

ಅದರ ಪಕ್ಕದಲ್ಲೇ ಪಂಕ್ಚರ್ ಕಿಟ್ಟು. ಚಳ್ಳಕೆರೆ, ಹಿರಿಯೂರು ಕಡೆ ಬಳ್ಳಾರಿ ಜಾಲಿಯ ಮುಳ್ಳು ಯಾವ ಬ್ರಾಂಡಿಗೂ ಮರ್ಯಾದೆ ಕೊಡುವುದಿಲ್ಲ. ಮುಳ್ಳು ನೆಲಕ್ಕೆ ತಾಗುವ ಪಟ್ಟಿಯ ನಡುವೆ ಚುಚ್ಚಿದರೆ ತೂತನ್ನು ಅರದಿಂದ ಉಜ್ಜಿ, ಅಂಟು ಬತ್ತಿ ತುರುಕಿ, ಉಳಿದ ಬಾಲ ಕತ್ತರಿಸಿ ಹೊರಡಬಹುದು. ಟೈರಿನ ಪಕ್ಕೆಗೆ ಚುಚ್ಚಿದರೆ ಸ್ಟೆಪ್ನಿಯೇ ಗತಿ. ಆ ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಅಂತ ಮನೆಯಲ್ಲೇ ನೋಡಿದವರನ್ನು ಬೆರಳಲ್ಲಿ ಎಣಿಸಬಹುದು.

ಇನ್ನು ಗಾಡಿ ಎತ್ತರಿಸುವ ಲಿಫ್ಟ್ ಕಿಟ್ಟು. ಜಿಮ್ನಿ, ಜಿಪ್ಸಿಯಂಥ ಗಟ್ಟಿ ಆಕ್ಸಲ್ಲಿನ (ಎಡ-ಬಲ ಚಕ್ರಕ್ಕೆ ಒಂದೇ ಅಚ್ಚು) ಗಾಡಿಗೆ ಎರಡಿಂಚಿನ ಸ್ಪ್ರಿಂಗ್ ಹಾಕಿದರೆ ಬಾಡಿ ಮೇಲೇಳುತ್ತದೆ. ಆದರೆ ಕಲ್ಲಿಗೆ ಮೊದಲು ಬಡಿಯುವ ಡಿಫರೆನ್ಷಿಯಲ್, ಅಂದರೆ ಆ ಅಚ್ಚಿನಲ್ಲಿರುವ ಗೇರಿನ ಗುಂಡು, ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ದೊಡ್ಡ ಟೈರು ಮಾತ್ರ. ಪಂಚೆ ಎತ್ತಿ ಕಟ್ಟಿದರೆ ಮೊಣಕಾಲು ಮೇಲೆ ಹೋಗುತ್ತದೆಯೇ? ಥಾರಿನಂಥ ಗಾಡಿಯ ಮುಂದಿನ ಚಕ್ರದಲ್ಲಿ ಇನ್ನೊಂದು ರಗಳೆ. ಎತ್ತರಿಸಿದರೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ಕೋನ ಹೆಚ್ಚಾಗಿ ಅದರ ಕೀಲು ಮುಚ್ಚುವ ರಬ್ಬರ್ ಬೂಟು ಹರಿಯುತ್ತದೆ, ಗ್ರೀಸು ಹೊರಗೆ, ಧೂಳು ಒಳಗೆ, ತಿರುವಿನಲ್ಲಿ ಟಕಟಕ ಸದ್ದು. ಬ್ರೇಕಿನ ಹೋಸು ಸಾಕಷ್ಟು ಉದ್ದವಿದೆಯೇ ಅಂತ ಚಕ್ರ ಪೂರ್ತಿ ಜೋತುಬಿಟ್ಟು ನೋಡಬೇಕು. ಟೈರಿನ ಎತ್ತರ ಶೇ. 10 ಹೆಚ್ಚಿದರೆ ಮೀಟರು 80 ತೋರಿಸುವಾಗ ಗಾಡಿ 88ರಲ್ಲಿರುತ್ತದೆ. ಕಿಲೋಮೀಟರೂ ಕಡಿಮೆ ಓಡಿದಂತೆ ಕಾಣುವುದರಿಂದ ಮೈಲೇಜ್ ಲೆಕ್ಕ ಹಾಕಿ ಅಳುವವರು ಇನ್ನಷ್ಟು ಅಳುತ್ತಾರೆ.

ಸ್ನಾರ್ಕೆಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2020ರ ಥಾರ್ ಕಂಪನಿಯಿಂದಲೇ 650 ಮಿಲಿಮೀಟರ್ ನೀರು ದಾಟುತ್ತದೆ. ನಮ್ಮ ಹಳ್ಳಗಳಲ್ಲಿ ವರ್ಷದ ಬಹುಪಾಲು ಅಷ್ಟು ನೀರು ನೋಡಲಿಕ್ಕೂ ಸಿಗುವುದಿಲ್ಲ.

ನಿಜವಾದ ಪರೀಕ್ಷೆ ಇರುವುದು ದಾವಣಗೆರೆ ಕಡೆಯ ಎರೆ ಹೊಲದ ಬಂಡಿ ದಾರಿಯಲ್ಲಿ, ಮಳೆ ಬಿದ್ದ ಮಾರನೇ ದಿನ. ಒಣಗಿದಾಗ ಬಿರುಕು ಬಿಡುವ ಈ ಮಣ್ಣು ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ. ಮಡ್ ಟೈರಿನ ಆಳವಾದ ಹಲ್ಲುಗಳ ಸಂದಿಯಲ್ಲಿ ಸುತ್ತಿಗೊಮ್ಮೆ ಮೆತ್ತಿಕೊಂಡು, ಹತ್ತು ಮಾರು ಹೋಗುವಷ್ಟರಲ್ಲಿ ಟೈರು ನುಣ್ಣನೆಯ ರಾಗಿಮುದ್ದೆ. ಆಮೇಲೆ ಮಡ್‌ಗಾರ್ಡಿನೊಳಗೂ ತುಂಬಿ ಚಕ್ರ ತಿರುಗುವುದೇ ಇಲ್ಲ. ಇಲ್ಲಿ ಆಕ್ಸಿಲರೇಟರ್ ಒತ್ತಿದವರು ಬಾವಿ ತೋಡಿದ ಹಾಗೆಯೇ. ಚಕ್ರ ಒಂದು ಸುತ್ತು ಸುಮ್ಮನೆ ತಿರುಗಿತೆಂದರೆ ನಿಲ್ಲಿಸಿ, ಬಂದ ಜಾಡಲ್ಲೇ ನಿಧಾನ ರಿವರ್ಸ್ ಬರಬೇಕು. ಬೇಕಾದ ಸಾಮಾನು: ಸಲಿಕೆ, ನಾಲ್ಕು ಗೋಣಿಚೀಲ, ಜಾಕಿನಡಿ ಇಡಲು ಒಂದಡಿ ಚೌಕದ ದಪ್ಪ ಹಲಗೆ. ಹಲಗೆಯಿಲ್ಲದ ಜಾಕು ಗಾಡಿಯನ್ನು ಎತ್ತದೆ ತಾನೇ ಭೂಗತವಾಗುತ್ತದೆ.

ಹಗ್ಗ ಸುತ್ತಿ ಗಾಡಿಯನ್ನೇ ಎಳೆಯುವ ವಿಂಚ್ ಇದೆಯಲ್ಲ ಅನ್ನುತ್ತೀರಾ? ಕಟ್ಟಲು ಮರ ಬೇಕು, ಜೋಳದ ಹೊಲದಲ್ಲಿ ಜೋಳದ ದಂಟು ಇರುತ್ತದೆ. ಸ್ಟೆಪ್ನಿಯನ್ನು ಆಳಕ್ಕೆ ಹೂತು ಅದಕ್ಕೆ ಕಟ್ಟುವ ವಿದ್ಯೆಯೂ ಉಂಟು. ಅಷ್ಟು ದೊಡ್ಡ ಗುಂಡಿ ತೋಡುವ ರಟ್ಟೆಯಿದ್ದವರು ಚಕ್ರದ ಮುಂದಿನ ಮಣ್ಣನ್ನೇ ತೆಗೆದಿದ್ದರೆ ಗಾಡಿ ಎದ್ದಿರುತ್ತಿತ್ತು.

ಕಡೆಗೆ ಬರುವುದು ಟ್ರ್ಯಾಕ್ಟರು. ತಲೆಗೆ ಟವೆಲ್ ಸುತ್ತಿದ ಯಜಮಾನರು ಇಳಿದು, ಗಾಡಿಯನ್ನು ಒಂದು ಸುತ್ತು ನೋಡಿ, "ಗಾಡಿ ಭಾಳ ಚೆಂದೈತ್ರಿ. ಹಗ್ಗ ಎಲ್ಲಿ ಕಟ್ಟಣ್ರೀ?" ಅನ್ನುತ್ತಾರೆ. ಗಾಡಿಯವನು ಮುಂದಿನ ಉಕ್ಕಿನ ಬಂಪರಿನ ಕೆಂಪು ಕೊಕ್ಕೆ ತೋರಿಸುತ್ತಾನೆ. ಇಂಥ ಬುಲ್ ಬಾರುಗಳ ಮೇಲೆ ಕ್ರಮ ಕೈಗೊಳ್ಳಿ ಅಂತ 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿತ್ತು, ಅದು ಹಾಗಿರಲಿ. ಕೆಂಪು ಬಣ್ಣ ಚೆನ್ನಾಗಿರುತ್ತದೆ, ಹಿಂದಿನ ಬೋಲ್ಟು ಮಾತ್ರ ಕಿರುಬೆರಳಿನಷ್ಟು. ಟ್ರ್ಯಾಕ್ಟರು ಒಮ್ಮೆ ಜಗ್ಗುತ್ತದೆ. ಬಂಪರು, ಲೈಟು, ನಂಬರ್ ಪ್ಲೇಟು ಮೂರೂ ಹೊಲ ದಾಟಿ ಹೋಗುತ್ತವೆ, ಜೀಪು ಇದ್ದಲ್ಲೇ. ಕಂಪನಿಯವರು ಚಾಸಿಗೆ ಜೋಡಿಸಿ ಕೊಟ್ಟ ಅಸಲಿ ಕೊಕ್ಕೆ ಕೆಳಗೆಲ್ಲೋ ಇರುತ್ತದೆ. ಯಜಮಾನರು ಮೊಣಕಾಲೂರಿ, ಮೊಣಕೈವರೆಗೂ ಕೆಸರಲ್ಲಿ ಕೈಯಿಟ್ಟು ತಡಕಿ, "ಸಿಕ್ತು ಬಿಡ್ರೀ" ಅನ್ನುತ್ತಾರೆ.