ಖಾತೆ ನಂಬರು ನಂಬರಲ್ಲ

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿವೇತನದ ಅರ್ಜಿಯೊಂದಕ್ಕೆ ನಾನೇ ಆನ್‌ಲೈನ್ ಫಾರ್ಮ್‌ನ ಕೋಡ್ ಬರೆದಿದ್ದೆ. ಬ್ಯಾಂಕ್ ಖಾತೆಯ ನಂಬರನ್ನು ನಂಬರ್ ಎಂದೇ ಉಳಿಸಿದೆ. ಸೊನ್ನೆಯಿಂದ ಶುರುವಾಗುವ ಖಾತೆಗಳ ಮೊದಲ ಸೊನ್ನೆ ಉದುರಿಹೋಯಿತು, ದುಡ್ಡು ವಾಪಸ್ ಬಂತು. ಒಬ್ಬಳು ಹುಡುಗಿ ಫೋನ್ ಮಾಡಿ "ಸರ್, ನಾನು ಪಾಸ್‌ಬುಕ್ ನೋಡಿಕೊಂಡೇ ತುಂಬಿದ್ದೆ" ಅಂದಳು. ಅವಳದ್ದೇನೂ ತಪ್ಪಿರಲಿಲ್ಲ. ಆ ದನಿ ಇವತ್ತಿಗೂ ಕಿವಿಯಲ್ಲಿದೆ.

ಆಗ ಬ್ರೌಸರ್‌ನಲ್ಲಿ ಒಂದು ತಪಾಸಣೆ, ಸರ್ವರ್‌ನಲ್ಲಿ ಇನ್ನೊಂದು, ನಾನು ಕೋಡ್ ಬರೆಯುವ ಭಾಷೆಯಾದ ಟೈಪ್‌ಸ್ಕ್ರಿಪ್ಟ್‌ನ ಟೈಪ್ (ಯಾವ ಜಾಗದಲ್ಲಿ ಎಂಥ ಮಾಹಿತಿ ಇರಬೇಕು ಎಂಬ ಘೋಷಣೆ) ಬೇರೆಯೇ ಕಡೆ. ಒಂದನ್ನು ತಿದ್ದಿದರೆ ಇನ್ನೆರಡು ಹಳೆಯದನ್ನೇ ಹೇಳುತ್ತಿದ್ದವು. ಟೈಪ್ ಬರೆದಿದ್ದೇನಲ್ಲ ಅಂತ ನೆಮ್ಮದಿಯಾಗಿರುವಂತೆಯೂ ಇಲ್ಲ. ಕೋಡ್ ಜಾವಾಸ್ಕ್ರಿಪ್ಟ್ ಆಗಿ ಓಡುವ ಹೊತ್ತಿಗೆ ಆ ಟೈಪ್‌ಗಳೆಲ್ಲ ಅಳಿಸಿಹೋಗಿರುತ್ತವೆ.

ಈಗ ಮಾಹಿತಿ ತಪಾಸಣೆಗೆಂದೇ ಇರುವ ಝಾಡ್ ಎಂಬ ಸಿದ್ಧ ಕೋಡ್ ಲೈಬ್ರರಿ ಬಳಸಿ ಒಂದೇ ಕಡೆ ಸ್ಕೀಮಾ, ಅಂದರೆ ನಿಯಮಗಳ ಪಟ್ಟಿ, ಬರೆಯುತ್ತೇನೆ. ಹೇಗೆ ಪರೀಕ್ಷಿಸಬೇಕು ಎಂಬ ಇಫ್-ಎಲ್ಸ್ (ಹೀಗಿದ್ದರೆ ಇದು, ಇಲ್ಲದಿದ್ದರೆ ಅದು) ಸರಪಳಿ ಇಲ್ಲ, ಏನಿರಬೇಕು ಅನ್ನುವುದಷ್ಟೇ. ಪ್ಯಾನ್ ಅಂದರೆ 5 ಅಕ್ಷರ, 4 ಅಂಕಿ, 1 ಅಕ್ಷರ. ಐಎಫ್‌ಎಸ್‌ಸಿ ಅಂದರೆ ಅಕ್ಷರ, ಅಂಕಿ ಎಲ್ಲ ಸೇರಿ 11, ಅದರಲ್ಲಿ ಐದನೆಯದು ಸೊನ್ನೆ. ಪಿನ್‌ಕೋಡ್ 6 ಅಂಕಿ, ಮೊದಲನೆಯದು ಸೊನ್ನೆಯಲ್ಲ. ಖಾತೆ ನಂಬರು ಸ್ಟ್ರಿಂಗ್, ಅಂದರೆ ಬರೆದದ್ದು ಬರೆದಂತೆಯೇ ಉಳಿಯುವ ಪಠ್ಯ. ಇದೇ ನಿಯಮದಿಂದ ಟೈಪ್ ತಾನಾಗಿ ಹುಟ್ಟುತ್ತದೆ; ಬ್ರೌಸರ್, ಸರ್ವರ್ ಎರಡೂ ಇದನ್ನೇ ಓದುತ್ತವೆ.

ಹಾಗಂತ ಕಣ್ಣು ಮುಚ್ಚಿ ನಂಬಬೇಡಿ. ಬಂದದ್ದನ್ನು ನಂಬರ್ ಮಾಡಿಕೊಡು ಅಂತ ಝಾಡ್‌ಗೆ ಹೇಳಿದರೆ ಖಾಲಿ ಸ್ಟ್ರಿಂಗ್ ಕೂಡ 0 ಆಗುತ್ತದೆ. ವಾರ್ಷಿಕ ಆದಾಯದ ಜಾಗ ಖಾಲಿ ಬಿಟ್ಟವರು ಆದಾಯವೇ ಇಲ್ಲದವರಾಗಿ ಪಟ್ಟಿಯ ಮೇಲ್ತುದಿಗೆ ಹೋಗಿ ಕೂರುತ್ತಾರೆ. ಟೈಪ್ ಪ್ರಕಾರ ಎಲ್ಲ ಸರಿಯೇ!

ನನ್ನನ್ನು ಹೆಚ್ಚು ಕಾಡುವುದು ಹೆಸರಿನ ನಿಯಮ. ಎ ಇಂದ ಝಡ್ ಅಂತ ಬರೆದರೆ ಕನ್ನಡದಲ್ಲಿ ಹೆಸರು ಬರೆದವರೆಲ್ಲ ಹೊರಗೆ. ಯುನಿಕೋಡ್‌ನ (ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ವ್ಯವಸ್ಥೆ) ಅಕ್ಷರ ವರ್ಗಕ್ಕೆ ಬದಲಾಯಿಸಿದರೂ "ಕೃಷ್ಣ" ಒಳಗೆ ಬರುವುದಿಲ್ಲ. ವಟ್ರಸುಳಿಯನ್ನು, ಒತ್ತಕ್ಷರ ಮಾಡುವ ಹಲಂತದ ಗುರುತನ್ನು ಯುನಿಕೋಡ್ ಅಕ್ಷರ ಅನ್ನುವುದಿಲ್ಲ, ಮಾರ್ಕ್ ಅನ್ನುತ್ತದೆ. ಆ ವರ್ಗವನ್ನೂ ಸೇರಿಸಬೇಕು. "ರಾಜ್‌ಕುಮಾರ್" ಬರೆಯಲು ನಡುವೆ ಕಣ್ಣಿಗೆ ಕಾಣದ ಇನ್ನೊಂದು ಚಿಹ್ನೆ ಬೇಕು, ಅದನ್ನೂ ಬಿಟ್ಟುಕೊಳ್ಳಬೇಕು. ತನ್ನ ಹೆಸರನ್ನು ಸರಿಯಾಗಿ ಬರೆದವನಿಗೆ "ಅಮಾನ್ಯ ಹೆಸರು" ಅಂತ ಕೆಂಪಕ್ಷರದಲ್ಲಿ ತೋರಿಸುವುದು ಅವಮಾನ. ಅದನ್ನು ಸಣ್ಣ ಬಗ್ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಹೊಸ ಸ್ಕೀಮಾವನ್ನು ಪ್ರಿಂಟ್ ಹಾಕಿ, ಅರ್ಜಿಗಳನ್ನು ನೋಡಿಕೊಳ್ಳುವ ಮೇಡಂ ಮುಂದಿಟ್ಟೆ. ಅವರಿಗೆ ಕೋಡಿಂಗ್ ಗೊತ್ತಿಲ್ಲ. ಆದರೂ ಒಂದೊಂದೇ ಸಾಲು ಓದುತ್ತಾ ಹೋದರು. ಹಳೆಯ ಇಫ್-ಎಲ್ಸ್ ಆಗಿದ್ದರೆ ಇದು ಆಗುತ್ತಿರಲಿಲ್ಲ. ಅಡ್ಡಹೆಸರು ಕಡ್ಡಾಯ ಅನ್ನುವ ಸಾಲಿಗೆ ಬಂದಾಗ ಪೆನ್ನು ನಿಂತಿತು. "ಹುಬ್ಬಳ್ಳಿ ಕಡೆಯವರಿಗೆ ಅಡ್ಡಹೆಸರು ಇರುತ್ತೆ ಸರ್. ನಮ್ಮ ಮಂಡ್ಯದ ಮಕ್ಕಳು ಇಲ್ಲಿ ಏನು ಬರೀಬೇಕು?"

ಕಡ್ಡಾಯ ತೆಗೆದು ಐಚ್ಛಿಕ ಮಾಡಿದೆ. ಮಾಡಿದ್ದೇ ತಡ, ಅಡ್ಡಹೆಸರು ಇದ್ದೇ ಇರುತ್ತದೆ ಅಂತ ನಂಬಿಕೊಂಡಿದ್ದ ಹನ್ನೊಂದು ಕಡೆ ಕೋಡ್ ಓಡುವ ಮೊದಲೇ ಟೈಪ್‌ಗಳನ್ನು ತಪಾಸಿಸುವ ಕಂಪೈಲರ್ ಕೆಂಪು ಗೆರೆ ಎಳೆಯಿತು. ಪ್ರಮಾಣಪತ್ರ ಮುದ್ರಿಸುವ ಕೋಡ್ ಕೂಡ ಅದರಲ್ಲಿತ್ತು. ಸಂಜೆಯೊಳಗೆ ಹನ್ನೊಂದನ್ನೂ ಸರಿಪಡಿಸಿದೆವು.